ಆಟ–ಆರೋಗ್ಯ: ಕುಂಬ್ಳೆಯ ದವಡೆ, ಕುಂಬ್ಳೆಯ ಭುಜ



ಕಳೆದ ಸಂಚಿಕೆಯಲ್ಲಿ ಮೊಣಕಾಲಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ, ಫೋನಿನ ಸಂದೇಶಗಳಲ್ಲಿ ಮೊಣಕಾಲಿನ ಸುದ್ದಿ ಕಡಿಮೆ, "ಭುಜದ ವಿಷಯ ಯಾವಾಗ ಬರೆಯುತ್ತೀರಿ?" ಎಂಬ ಪ್ರಶ್ನೆಯೇ ಹೆಚ್ಚು. ಕೇಳಿದವರೆಲ್ಲ ಕ್ರಿಕೆಟ್ ಆಡುವವರು. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಹುಡುಗರು, ಪುಣೆಯ ಒಬ್ಬ, ಮತ್ತೆ ತನ್ನ ಕಾಲೇಜು ತಂಡದಲ್ಲಿ ಬೌಂಡರಿ ಕಾಯುವ ಒಬ್ಬ ತಂಗಿ. ಆ ತಂಗಿಯ ಪತ್ರ ಚಿಕ್ಕದು. ನೋವಿದೆ ಎಂದರೆ ತಂಡದಿಂದ ತೆಗೆಯುತ್ತಾರೆ, ಹೇಳದೆ ಆಡಿದರೆ ಥ್ರೋ ಕೀಪರ್‌ವರೆಗೆ ತಲುಪುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದಾಳೆ.

ಈ ಪ್ರಶ್ನೆಯನ್ನು ಓದಿದಾಗ ಈ ಮಳೆಗಾಲದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದ ಹುಡುಗನೊಬ್ಬ ನೆನಪಾದ. ವಯಸ್ಸು ಹದಿನೇಳು. ಮನೆತನ ಕುಂದಾಪುರದ ಕಡೆಯದು, ತಂದೆಗೆ ಇಲ್ಲಿ ಉಪನಗರದಲ್ಲಿ ಒಂದು ಹೋಟೆಲು. ಹುಡುಗ ಬಲಗೈ ಮೀಡಿಯಂ ಪೇಸ್ ಬೌಲರ್, ಕವರ್‌ನಲ್ಲಿ ಒಳ್ಳೆಯ ಫೀಲ್ಡರ್. ಅಂದು ತಾಯಿಯ ಹಿಂದೆ ಒಳಗೆ ಬಂದವನು ಬಾಗಿಲನ್ನು ಎಡಗೈಯಲ್ಲಿ ಮುಚ್ಚಿದ. ಬಲಗೈ ಆಟಗಾರ ಎಡಗೈಯಲ್ಲಿ ಬಾಗಿಲು ಮುಚ್ಚಿದರೆ ನನ್ನಂಥ ಫಿಸಿಯೋಥೆರಪಿಸ್ಟನಿಗೆ ಅರ್ಧ ಪರೀಕ್ಷೆ ಅಲ್ಲಿಯೇ ಮುಗಿದಂತೆ.

"ಎರಡು ತಿಂಗ್ಳಾಯ್ತಂತೆ ಡಾಕ್ಟ್ರೇ," ಎಂದರು ತಾಯಿ. (ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ನಮ್ಮ ಊರಿನವರು ಕೇಳುವುದಿಲ್ಲ.) "ನಂಗೆ ಗೊತ್ತಾದ್ದು ಮೊನ್ನೆ. ಅಂಗಿ ಹಾಕ್ಲಿಕ್ಕೆ ತಮ್ಮನನ್ನು ಕರೀತಿದ್ದ. ನನ್ನ ಬೆನ್ನುನೋವಿನ ಮಾತ್ರೆ ಡಬ್ಬಿಯಲ್ಲಿ ದಿನಾ ಕಡಿಮೆ ಆಗ್ತಿತ್ತು ಮಾರಾಯ್ರೇ, ನಾನೇ ಲೆಕ್ಕ ತಪ್ಪಿದೆ ಅಂದ್ಕೊಂಡೆ."

ಹುಡುಗ ತಲೆ ತಗ್ಗಿಸಿ ಕೂತಿದ್ದ. ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ಸೆಲೆಕ್ಷನ್ ಇತ್ತು. ಮತ್ತೆ ಕುಂಬ್ಳೆ ದವಡೆ ಮುರಿದ್ರೂ ಬೌಲ್ ಮಾಡಿದ್ರಲ್ಲ. ನಂದು ಬರೀ ಭುಜ," ಎಂದ.

ಆ ಪಂದ್ಯ ನಡೆದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ಆದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ತಂದೆ ಗಿರಾಕಿಗಳಿಗೆ ಆ ಕಥೆಯನ್ನು ಅದೆಷ್ಟು ಸಲ ಹೇಳಿದ್ದಾರೋ! ನಮ್ಮ ಮನೆಗಳಲ್ಲಿ ಅದು ಪುರಾಣದಂತೆ ಆಗಿಬಿಟ್ಟಿದೆ. 2002ರ ಮೇ ತಿಂಗಳು, ವೆಸ್ಟ್ ಇಂಡೀಸಿನ ಆಂಟಿಗಾ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಹಾಕಿದ ಚೆಂಡು ಬಡಿದು ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ತಲೆಯ ಸುತ್ತ ಬಿಳಿ ಪಟ್ಟಿ ಕಟ್ಟಿಸಿಕೊಂಡು ಮೈದಾನಕ್ಕೆ ಮರಳಿದ ಅವರು ಸತತವಾಗಿ 14 ಓವರ್ ಹಾಕಿದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಔಟ್ ಮಾಡಿದರು. ಇದು ನಿಜ, ಹೆಮ್ಮೆಪಡುವಂಥದ್ದೂ ಹೌದು. ನಾನೂ ಆ ರಾತ್ರಿ ಟಿವಿ ಮುಂದೆ ಎದ್ದು ಕೂತವನೇ.

ಆದರೆ ಇದೇ ಕುಂಬ್ಳೆಯವರದು ಇನ್ನೊಂದು ಕಥೆಯಿದೆ. ಅದನ್ನು ಯಾವ ಹೋಟೆಲಿನಲ್ಲೂ ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. 2000ದ ಕೊನೆಯ ಹೊತ್ತಿಗೆ ಅವರ ಬೌಲಿಂಗ್ ಭುಜ ಕೈಕೊಟ್ಟಿತ್ತು. ಆ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಕುಂಬ್ಳೆ ನಮ್ಮ ತಂಡದಲ್ಲಿರಲಿಲ್ಲ; ಆ ಪಂದ್ಯದಲ್ಲಿ ಮಿಂಚಿದವರು ಗದಗದ ಸುನಿಲ್ ಜೋಶಿ. ಕುಂಬ್ಳೆಯವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. 2001ರ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಟೀವ್ ವಾ ಅವರ ಆಸ್ಟ್ರೇಲಿಯ ತಂಡ ಬಂತು. ಕೋಲ್ಕತಾದಲ್ಲಿ ಲಕ್ಷ್ಮಣ್ 281 ಹೊಡೆದ, ಮೂರು ಟೆಸ್ಟ್‌ಗಳಲ್ಲಿ ಹರಭಜನ್ 32 ವಿಕೆಟ್ ಕಿತ್ತ ಸರಣಿ ಅದು. ಭಾರತದ ಕ್ರಿಕೆಟ್ ಇತಿಹಾಸದ ಅತಿ ದೊಡ್ಡ ಸರಣಿಗಳಲ್ಲೊಂದು ಸ್ವದೇಶದಲ್ಲೇ ನಡೆಯುತ್ತಿದ್ದರೂ ದೇಶದ ಮೊದಲ ಸ್ಪಿನ್ನರ್ ಅದರಲ್ಲಿ ಒಂದು ಚೆಂಡನ್ನೂ ಹಾಕಲಿಲ್ಲ. ಆ ಬೇಸಿಗೆಯ ಜಿಂಬಾಬ್ವೆ ಪ್ರವಾಸಕ್ಕೆ ಹೋಗಲಿಲ್ಲ, ಶ್ರೀಲಂಕಾಕ್ಕೂ ಹೋಗಲಿಲ್ಲ. ತಂಡಕ್ಕೆ ಮರಳಿದ್ದು 2001ರ ಅಕ್ಟೋಬರಿನಲ್ಲಿ, ದಕ್ಷಿಣ ಆಫ್ರಿಕ ಪ್ರವಾಸದಲ್ಲಿ.

ಮುಂದೆ ಕೇಳಿ. ಅವರ 300ನೆಯ ಟೆಸ್ಟ್ ವಿಕೆಟ್ ಬಂದದ್ದು ಆ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. 2008ರ ನವೆಂಬರಿನಲ್ಲಿ ನಿವೃತ್ತರಾದಾಗ ಲೆಕ್ಕ 619. ಅಂದರೆ ಒಟ್ಟು ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಒಂದು ವರ್ಷ ಮನೆಯಲ್ಲಿ ಕೂತ ಮೇಲೆ!

ಹುಡುಗನಿಗೆ ಇಷ್ಟನ್ನು ಹೇಳಿ, "ದವಡೆಯಿಂದ ಯಾರೂ ಲೆಗ್ ಸ್ಪಿನ್ ಹಾಕುವುದಿಲ್ಲಪ್ಪ," ಎಂದೆ. ದವಡೆ ಮುರಿದಾಗಲೂ ಅವರು ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೆ ವಿಮಾನ ಹತ್ತಿದರು ಎಂಬುದನ್ನು ಅವನ ತಂದೆ ಹೇಳಿರಲಿಲ್ಲ.

ಇನ್ನು ಈ ಭುಜವೆಂದರೇನು ನೋಡೋಣ. ನಮ್ಮ ಸೊಂಟದ ಕೀಲು ಒರಳುಕಲ್ಲಿನ ಹಾಗೆ: ಗುಂಡು ಆಳವಾದ ಗುಳಿಯಲ್ಲಿ ಕೂತಿದೆ, ಸುಲಭಕ್ಕೆ ಜಾರುವುದಿಲ್ಲ. ಭುಜದ ಕೀಲು ಹಾಗಲ್ಲ. ಚಹಾದ ಬಸಿಯ ಮೇಲೆ ಚೆಂಡು ಇಟ್ಟಂತೆ. ಬಸಿ ಚಿಕ್ಕದು, ಆಳವಿಲ್ಲ. ಅದಕ್ಕೇ ನಾವು ಕೈಯನ್ನು ಸುತ್ತ ಎಲ್ಲ ದಿಕ್ಕಿಗೂ ತಿರುಗಿಸಬಹುದು. ಆದರೆ ಆ ಚೆಂಡು ಬಸಿಯಿಂದ ಉರುಳದಂತೆ ಯಾರಾದರೂ ಹಿಡಿದುಕೊಳ್ಳಬೇಕಲ್ಲ? ಹಿಡಿದುಕೊಳ್ಳುವುದು ನಾಲ್ಕು ಚಿಕ್ಕ ಸ್ನಾಯುಗಳು. ಸುಪ್ರಾಸ್ಪೈನೇಟಸ್ ಮೇಲಿನಿಂದ, ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್ ಹಿಂದಿನಿಂದ, ಸಬ್‌ಸ್ಕ್ಯಾಪುಲಾರಿಸ್ ಮುಂದಿನಿಂದ ಬಂದು, ತಮ್ಮ ಹುರಿಗಳಿಂದ ತೋಳಿನ ಎಲುಬಿನ ಗುಂಡನ್ನು ಸುತ್ತುಗಟ್ಟಿ ಹಿಡಿದಿವೆ. ಅಂಗಿಯ ತೋಳಿನ ತುದಿಯ ಪಟ್ಟಿಯ ಹಾಗೆ ಸುತ್ತಿಕೊಂಡಿರುವುದರಿಂದ ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. (ಕೆಮ್ಮಿನ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ. ಒಬ್ಬರು ಅಜ್ಜಿ ಮೊಮ್ಮಗನ ಭುಜಕ್ಕೆ ಶುಂಠಿ ಕಷಾಯ ಕುಡಿಸಿಕೊಂಡು ಬಂದಿದ್ದರು!)

ಚೆಂಡು ಎಸೆಯುವ ಬಲ ಈ ನಾಲ್ವರಿಂದ ಬರುವುದಿಲ್ಲ. ಅದು ಕಾಲು, ಸೊಂಟ, ಎದೆ, ಬೆನ್ನಿನ ದೊಡ್ಡ ಸ್ನಾಯುಗಳ ಕೆಲಸ. ಹಿಂಬದಿಯ ಇಬ್ಬರ ಮುಖ್ಯ ಕೆಲಸ ಶುರುವಾಗುವುದು ಚೆಂಡು ಕೈಬಿಟ್ಟ ಮೇಲೆ. ಫಾಸ್ಟ್ ಲೋಕಲ್ ಎಷ್ಟೇ ವೇಗವಾಗಿ ಬಂದರೂ ಚರ್ಚ್‌ಗೇಟಿನಲ್ಲಿ ನಿಲ್ಲಲೇಬೇಕು, ಮುಂದೆ ಹಳಿಯಿಲ್ಲ. ಹಾಗೆಯೇ ಚೆಂಡು ಹೋದ ಮೇಲೆ ಮುಂದಕ್ಕೆ ಚಿಮ್ಮಿದ ತೋಳನ್ನು ಕ್ಷಣಾರ್ಧದಲ್ಲಿ ಹಿಡಿದು ನಿಲ್ಲಿಸಬೇಕು. ಆ ಬ್ರೇಕು ಇವರೇ. ಉದ್ದವಾಗುತ್ತಲೇ ಎಳೆದು ಹಿಡಿಯುವ ಈ ಕೆಲಸ ಸ್ನಾಯುವಿಗೂ ಹುರಿಗೂ ಬಹಳ ಕಷ್ಟದ್ದು. ಬ್ರೇಕು ದಣಿದರೆ ಗುಂಡು ಬಸಿಯ ಮೇಲೆ ಸ್ವಲ್ಪಸ್ವಲ್ಪವೇ ಜಾರತೊಡಗುತ್ತದೆ, ಹುರಿ ಅಕ್ಕಪಕ್ಕದ ಎಲುಬಿಗೆ ಒತ್ತಿ ಉಜ್ಜುತ್ತದೆ. ಮೊದಲು ಹುರಿ ಕೆರಳುತ್ತದೆ, ಆಮೇಲೆ ನಾರು ಬಿಡಿಸಿಕೊಳ್ಳುತ್ತದೆ, ಕೊನೆಗೆ ಹರಿಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಪೂರ್ತಿ ಹರಿಯುವುದು ಅಪರೂಪ. ಕೆರಳಿದ ಹುರಿ, ಅರ್ಧ ಹರಿದ ಹುರಿ, ಬಸಿಯ ಅಂಚಿನ ಮೆತ್ತೆ ಕಿತ್ತುಬರುವುದು, ಇವೇ ಹೆಚ್ಚು.

ಈಗ ನಿಮ್ಮ ಕನ್ನಡದ ಪರೀಕ್ಷೆ. ನಗಬೇಡಿ, ಇದು ಚಿಕಿತ್ಸೆಯ ಭಾಗ. ಎಲ್ಲಿ ನೋವು ಎಂದು ಕೇಳಿದರೆ ನೀವೆಲ್ಲ "ಶೋಲ್ಡರ್" ಎನ್ನುತ್ತೀರಿ, ಹೇಗೆ ನೋವು ಎಂದರೆ "ದುಖ್ತಾ ಹೈ" ಎನ್ನುತ್ತೀರಿ. ನಿಮ್ಮ ಅಜ್ಜಿಯಂದಿರ ಬಳಿ ಇದಕ್ಕೆ ಎಷ್ಟು ಮಾತುಗಳಿವೆ ಗೊತ್ತೇ? ಹೊರೆ ಹೊರುವ ಜಾಗ, ಕುತ್ತಿಗೆಯ ಬುಡದಿಂದ ಇಳಿಯುವ ಭಾಗ, ಹೆಗಲು. ಅದರ ತುದಿಯ ಗುಂಡು ಭಾಗ ಭುಜ. ಅದರ ಕೆಳಗೆ ಮೊಣಕೈವರೆಗೆ ರಟ್ಟೆ. ಕಫ್ ಕೆರಳಿದವನ ನೋವು ವಿಚಿತ್ರವೆಂಬಂತೆ ಕಾಣಿಸಿಕೊಳ್ಳುವುದು ರಟ್ಟೆಯ ಹೊರಬದಿಯಲ್ಲಿ. ಅದಕ್ಕೇ ಹುಡುಗರು "ಮಸಲ್ ಪುಲ್" ಎಂದುಕೊಂಡು ತಿಂಗಳುಗಟ್ಟಲೆ ರಟ್ಟೆಗೆ ಎಣ್ಣೆ ತಿಕ್ಕುತ್ತಾರೆ. ನೋವು ಹೆಗಲಿನಲ್ಲಿದ್ದರೆ ಅದು ಬಹಳ ಸಲ ಕುತ್ತಿಗೆಯಿಂದ ಬಂದದ್ದು.

ಇನ್ನು ನೋವಿನ ಬಗೆ. ಕೈ ಎತ್ತುವಾಗ ನಡುವೆ ಒಂದು ಕಡೆ ಚಳಕು ಹೊಡೆದು, ಇನ್ನೂ ಮೇಲೆ ಎತ್ತಿದರೆ ಸರಿಹೋಗುತ್ತದೆ ಎಂದರೆ ನಾನು ಕಫ್ ಮೇಲೆ ಕಣ್ಣಿಡುತ್ತೇನೆ. ಬೆರಳುಗಳಿಗೆ ಜೋಮು ಹಿಡಿಯುತ್ತದೆ ಎಂದರೆ ನರದ ವಿಷಯ, ಕುತ್ತಿಗೆ ನೋಡಬೇಕು. ಕೈ ಹಿಂದಕ್ಕೆ ಹೋದಾಗ ಕಳಚಿ ಬಂದಂತಾಗುತ್ತದೆ ಎಂದರೆ ಕೀಲು ಸಡಿಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ಎದ್ದು ಕೂರುವುದು, ಹಿಂದಿನ ಜೇಬಿನಿಂದ ಪಾಕೀಟು ತೆಗೆಯಲು ಕಷ್ಟಪಡುವುದು, ಲೋಕಲ್‌ನಲ್ಲಿ ಮೇಲಿನ ಹಿಡಿಕೆಯನ್ನು ಬಿಟ್ಟು ಕಂಬಕ್ಕೆ ಆತುಕೊಳ್ಳುವುದು, ಇವೂ ಕಫ್‌ನ ಕುರುಹುಗಳೇ. ನನ್ನ ಹುಡುಗನಿಗೆ ಈ ಮೂರೂ ಇದ್ದವು. ಚಳಕು ಎಂಬ ಮಾತು ಮಾತ್ರ ಅವನಿಗೆ ಗೊತ್ತಿರಲಿಲ್ಲ, ತಾಯಿ ಹೇಳಿದ ಮೇಲೆ, "ಹಾಂ ಹಾಂ, ಅದೇ!" ಎಂದ.

ಇಷ್ಟಕ್ಕೂ ಅವನಿಗೆ ಇದು ಬಂದದ್ದು ಹೇಗೆ? ಬೌಲಿಂಗ್‌ನಿಂದ ಎಂದು ಮನೆಯವರ ತೀರ್ಮಾನ. ನನಗೆ ಹಾಗನ್ನಿಸಲಿಲ್ಲ. ಬೌಲಿಂಗ್‌ನಲ್ಲಿ ಕೈ ನೆಟ್ಟಗೆ ಸುತ್ತಿ ಬರುತ್ತದೆ, ಓಟದ ವೇಗ ನೆರವಿಗಿದೆ, ಮೈ ಬಿಸಿಯಾಗಿರುತ್ತದೆ. ಸ್ಪಿನ್ನರ್‌ಗಳ ಭುಜವೂ ಸವೆಯುತ್ತದೆ, ಇಲ್ಲವೆನ್ನುವುದಿಲ್ಲ. ಕುಂಬ್ಳೆ ಟೆಸ್ಟ್‌ಗಳಲ್ಲೇ 40,850 ಚೆಂಡು ಹಾಕಿದವರು. ಶೇನ್ ವಾರ್ನ್ 1998ರ ಭಾರತ ಪ್ರವಾಸದ ಬೆನ್ನಿಗೇ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1999ರ ಜನವರಿವರೆಗೆ ಟೆಸ್ಟ್ ಆಡಲಿಲ್ಲ. ಆದರೆ ನಿಮ್ಮ ವಯಸ್ಸಿನವರ ಭುಜವನ್ನು ಹೆಚ್ಚು ಕೆಡಿಸುವುದು ಥ್ರೋ. ಮೊಣಕೈ ಮಡಿಸಿ, ಕೈಯನ್ನು ಕಿವಿಯ ಹಿಂದಕ್ಕೆ ಎಳೆದು ಚಾಟಿಯಂತೆ ಬೀಸುವುದು ಬೌಲಿಂಗ್‌ಗಿಂತ ಬೇರೆಯೇ ಹೊರೆ. ಅದೂ ಇಪ್ಪತ್ತು ನಿಮಿಷ ಬೌಂಡರಿಯಲ್ಲಿ ಸುಮ್ಮನೆ ನಿಂತು, ಮೈ ತಣ್ಣಗಾಗಿ, ಚೆಂಡು ಬಂದೊಡನೆ ಒಮ್ಮೆಲೇ ಪೂರ್ತಿ ಬಲದಿಂದ!

ನಮ್ಮ ಮುಂಬಯಿಯಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಕಾಂಗಾ ಲೀಗ್ ಆಡಿದವರಿಗೆ ಹೇಳಬೇಕಾಗಿಲ್ಲ: ಹೊಲದಂಥ ಮೈದಾನ, ಚೆಂಡು ಉರುಳುವುದಿಲ್ಲ, ನೀರು ಕುಡಿದು ಭಾರವಾಗಿರುತ್ತದೆ, ಕಾಲು ಊರಿದಲ್ಲಿ ಜಾರುತ್ತದೆ. ಕಾಲು ಜಾರಿದರೆ ಕಾಲಿನ ಬಲ ಚೆಂಡಿಗೆ ಹೋಗುವುದಿಲ್ಲ, ಆ ಕೊರತೆಯನ್ನು ಭುಜವೇ ತುಂಬಬೇಕು. ಇನ್ನು ವಾರದ ರಾತ್ರಿಗಳಲ್ಲಿ ದೀಪದ ಟರ್ಫ್‌ನಲ್ಲಿ ಹಗುರವಾದ ಟೆನಿಸ್ ಚೆಂಡಿನ ಆಟ, ಭಾನುವಾರ ಸುಮಾರು 160 ಗ್ರಾಮಿನ ಸೀಸನ್ ಬಾಲ್. ಟೆನಿಸ್ ಚೆಂಡಿನ ತೂಕ 60 ಗ್ರಾಮನ್ನೂ ಮುಟ್ಟುವುದಿಲ್ಲ. ಹಗುರ ಚೆಂಡನ್ನು ಬರೀ ಕೈಯಿಂದ ಚಿಮ್ಮಿಸುವ ರೂಢಿ ಬಿದ್ದವನು ಭಾರದ ಚೆಂಡನ್ನೂ ಹಾಗೆಯೇ ಎಸೆಯುತ್ತಾನೆ. ಜಿಮ್‌ಗೆ ಹೋಗುವವರ ಕಥೆ ಇನ್ನೊಂದು. ಕನ್ನಡಿಯಲ್ಲಿ ಕಾಣುವ ಎದೆ, ತೋಳು ಉಬ್ಬುತ್ತವೆ. ಕನ್ನಡಿಯಲ್ಲಿ ಕಾಣದ ಬೆನ್ನ ಹಿಂದಿನ ಬ್ರೇಕು ಇದ್ದಲ್ಲೇ ಇರುತ್ತದೆ. ಇಂಜಿನ್ ದೊಡ್ಡದಾಯಿತು, ಬ್ರೇಕು ಹಳೆಯದೇ.

ಆ ಹುಡುಗನನ್ನು ಕೇಳಿದೆ: ಹೋದ ತಿಂಗಳು ಎಷ್ಟು ಓವರ್ ಹಾಕಿದೆ? ಥಟ್ಟನೆ ಹೇಳಿದ, ಪಂದ್ಯದ ಲೆಕ್ಕ, ನೆಟ್ಸ್‌ನ ಲೆಕ್ಕ, ವೈಡ್ ಎಷ್ಟು ಎಂಬುದೂ ಗೊತ್ತು. ಸರಿ, ಎಷ್ಟು ಥ್ರೋ ಎಸೆದೆ? ನನ್ನ ಮುಖ ನೋಡಿದ. ಯಾರಿಗೂ ಗೊತ್ತಿರುವುದಿಲ್ಲ. ಸ್ಕೋರ್ ಪುಸ್ತಕದಲ್ಲಿ ಬೌಲರ್‌ನ ಪ್ರತಿ ಚೆಂಡಿಗೂ ಒಂದು ಚುಕ್ಕೆ ಇದೆ, ಥ್ರೋಗೆ ಅಂಕಣವೇ ಇಲ್ಲ. ಪಂದ್ಯದಲ್ಲಿ ಬೀಳುವುದು ಹತ್ತೋ ಹದಿನೈದೋ ಇರಬಹುದು. ಅದಕ್ಕೆ ಮೊದಲು ಅಭ್ಯಾಸದಲ್ಲಿ ಸ್ಟಂಪಿಗೆ ಗುರಿಯಿಟ್ಟು ಹೊಡೆದ ಎಪ್ಪತ್ತು ಎಂಬತ್ತನ್ನು ಯಾರು ಬರೆದಿಟ್ಟರು? ಆಸ್ಟ್ರೇಲಿಯದ ಆಟಗಾರರ ಥ್ರೋಗಳನ್ನು ಎಣಿಸಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ವಾರಕ್ಕೆ ಸುಮಾರು 75 ದಾಟಿದವರಲ್ಲಿ ಗಾಯದ ಅಪಾಯ ಹೆಚ್ಚಾಗಿ ಕಂಡಿತು. ನಮ್ಮ ಹುಡುಗರು ಅಷ್ಟನ್ನು ಒಂದು ಶನಿವಾರ ಬೆಳಿಗ್ಗೆ ಮುಗಿಸುತ್ತಾರೆ.

ಅವನಿಗೆ ಮೂಳೆ ತಜ್ಞರ ಬಳಿ ಕಳಿಸಿದೆ. ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ, ಇರುವುದೂ ಇಲ್ಲ. ಹುರಿ ಎಕ್ಸ್-ರೇಯಲ್ಲಿ ಕಾಣುವ ವಸ್ತುವಲ್ಲ. ಸೋನೋಗ್ರಫಿ ಅಥವಾ ಎಂ.ಆರ್.ಐ. ಬೇಕು. ಎಂ.ಆರ್.ಐ.ಯಲ್ಲಿ ಹುರಿ ಊದಿದ್ದು, ಒಳಬದಿಯಲ್ಲಿ ಸ್ವಲ್ಪ ಹರಿದದ್ದು ಕಂಡಿತು. ಇಲ್ಲಿ ಒಂದು ಎಚ್ಚರಿಕೆ: ವರ್ಷಗಟ್ಟಲೆ ಎಸೆದವರ ಭುಜದ ಚಿತ್ರ ತೆಗೆದರೆ ನೋವೇ ಇಲ್ಲದವರಲ್ಲೂ ಇಂಥ ಗುರುತುಗಳು ಸಿಗುತ್ತವೆ. ರಿಪೋರ್ಟ್ ಓದಿ ಹೆದರಿ ಆಪರೇಷನ್‌ಗೆ ಓಡಬೇಡಿ. ಚಿತ್ರ, ನೋವು, ಬಲ, ಮೂರನ್ನೂ ಒಟ್ಟಿಗೆ ನೋಡಿ ತಜ್ಞರು ಹೇಳಬೇಕು.

ತಾಯಿಗೆ ಬೇಕಾಗಿದ್ದದ್ದು ಬೇಗ ವಾಸಿಯಾಗುವ ದಾರಿ. "ಒಂದು ಇಂಜೆಕ್ಷನ್ ಕೊಟ್ಟರೆ ಆಗುದಿಲ್ವಾ?" ಎಂದರು. ಆಗ ನಾನು ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಬಲಭುಜದ ಗಾಯದ ಗುರುತು ತೋರಿಸಿದೆ. ಈ ಅಂಕಣದಲ್ಲಿ ಇದುವರೆಗೆ ನಾನಿದನ್ನು ಬರೆದಿರಲಿಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ನಾನು ಕ್ರಾಸ್ ಮೈದಾನದಲ್ಲಿ ಒಂದು ಕ್ಲಬ್ಬಿಗೆ ಆಡುತ್ತಿದ್ದೆ. ಮೂರು ತಿಂಗಳ ನೋವು, ಎದುರಿಗೆ ಫೈನಲ್. ತಂಡದ ಹಿರಿಯರೊಬ್ಬರು ಶನಿವಾರ ಸಂಜೆ ತಮಗೆ ಗೊತ್ತಿದ್ದ ವೈದ್ಯರ ಬಳಿ ಕರೆದೊಯ್ದರು. ಭುಜಕ್ಕೆ ಸ್ಟೆರಾಯ್ಡ್ ಸೂಜಿ ಬಿತ್ತು. ಭಾನುವಾರ ಬೆಳಿಗ್ಗೆ ಎದ್ದರೆ ನೋವು ಮಾಯ! ದೇವರೇ ಬಂದಂತಾಯಿತು. ಬೌಂಡರಿಯಿಂದ ಎಸೆದೆ, ಮತ್ತೆ ಎಸೆದೆ, ಚಹಾ ವಿರಾಮದ ನಂತರದ ಮೂರನೆಯ ಥ್ರೋದಲ್ಲಿ ಭುಜದೊಳಗೆ ಹಳೆಯ ಬಟ್ಟೆ ಹರಿದಂಥ ಅನುಭವ. ಸದ್ದು ಕೇಳಿಸಿತೋ ಇಲ್ಲವೋ, ನನಗಂತೂ ಇವತ್ತಿಗೂ ಕೇಳಿಸುತ್ತದೆ. ಫೈನಲ್ ಗೆದ್ದೆವು. ನಾನು ಅದೇ ಕೊನೆಯ ಸಲ ಸೀಸನ್ ಬಾಲ್ ಎಸೆದದ್ದು. ಊರಿಗೆ ಹೋಗುವಾಗ ರೈಲಿನಲ್ಲಿ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಇಡಲು ಈಗಲೂ ನನ್ನ ಹೆಂಡತಿಯೇ ಬೇಕು.

ಸೂಜಿಯೇ ಕೆಟ್ಟದ್ದು ಎನ್ನುತ್ತಿಲ್ಲ. ತಜ್ಞರು ಯೋಚಿಸಿ ಕೊಟ್ಟು, ಆಮೇಲೆ ವಿಶ್ರಾಂತಿ, ವ್ಯಾಯಾಮ ಹೇಳಿದರೆ ಅದಕ್ಕೊಂದು ಜಾಗವಿದೆ. ಆದರೆ ಅದು ನೋವನ್ನು ಅಡಗಿಸುತ್ತದೆ, ಹುರಿಯನ್ನು ಹೊಲಿಯುವುದಿಲ್ಲ. ಪದೇಪದೇ ಬಿದ್ದರೆ ಹುರಿಯನ್ನೇ ದುರ್ಬಲ ಮಾಡಬಹುದು. ಪಂದ್ಯದ ಮುಂಚೆ ನುಂಗುವ ಮಾತ್ರೆಯದೂ ಅದೇ ಪಾಡು. ಊರಿನಿಂದ ಬಂದ ಎಣ್ಣೆಯನ್ನು ಹಿತವಾಗಿ ಸವರಿದರೆ ತಪ್ಪಿಲ್ಲ, ಅಮ್ಮನ ಕೈಗೆ ಅದರದೇ ಗುಣವಿದೆ. ಆದರೆ ಕೈಯನ್ನು ತಿರುಚಿ ಲಟಕ್ಕೆನ್ನಿಸುವವರ ಹತ್ತಿರ ಮಾತ್ರ ಹೋಗಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಎಸೆಯುವುದನ್ನು ನಿಲ್ಲಿಸಿ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿಡಬೇಕೆಂದಲ್ಲ. ಬರೆಯಿರಿ, ಊಟಮಾಡಿ, ಭುಜದ ಮಟ್ಟದ ಕೆಳಗೆ ಎಲ್ಲ ಕೆಲಸ ಮಾಡಿ. ನೋವಿಲ್ಲದಿದ್ದರೆ ಬ್ಯಾಟಿಂಗ್ ಕೂಡ ನಡೆಯಬಹುದು, ಸ್ಲಿಪ್‌ನಲ್ಲಿ ನಿಂತು ಚೆಂಡನ್ನು ಕೆಳಗಿನಿಂದ ಕೊಡಬಹುದು. ಬೌಂಡರಿಯ ತಂಗಿಗೆ ನನ್ನ ಉತ್ತರದ ಒಂದು ಭಾಗ ಇದು: ತಂಡದಿಂದ ತೆಗೆಯಿರಿ ಎಂದು ಹೇಳಬೇಕಾಗಿಲ್ಲ, ನಾಲ್ಕು ವಾರ ಒಳಗೆ ನಿಲ್ಲಿಸಿ ಎಂದು ಹೇಳು. ಕೇಳುವ ತರಬೇತುದಾರರು ಇದ್ದಾರೆ. ಕೇಳದಿದ್ದರೆ ಮನೆಯಿಂದ ಹಿರಿಯರೊಬ್ಬರು ಹೋಗಿ ಮಾತಾಡಲಿ. ಇದು ನಾಚಿಕೆಯ ವಿಷಯವಲ್ಲ. 2006ರ ಮಾರ್ಚ್‌ನಲ್ಲಿ ಇಲ್ಲೇ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಮುಗಿಸಿ ಸಚಿನ್ ಬಲಭುಜದ ಆಪರೇಷನ್‌ಗೆ ಹೋದರು, ವೆಸ್ಟ್ ಇಂಡೀಸ್ ಪ್ರವಾಸ ಬಿಟ್ಟರು. ಸೆಪ್ಟೆಂಬರಿನಲ್ಲಿ ಕ್ವಾಲಾಲಂಪುರದಲ್ಲಿ ಮರಳಿದ ಪಂದ್ಯದಲ್ಲೇ ಅಜೇಯ 141.

ನೋವು ಇಳಿದ ಮೇಲೆ ಬ್ರೇಕು ಕಟ್ಟುವ ಕೆಲಸ. ಇದಕ್ಕೆ ಜಿಮ್ ಬೇಡ, ನಮ್ಮ ಒಂದೂವರೆ ಕೋಣೆಯ ಮನೆ ಸಾಕು. ರಬ್ಬರ್ ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಮಡಿಸಿದ ಟವೆಲನ್ನು ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟುಕೊಂಡು, ಮೊಣಕೈ ಕದಲದಂತೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಆಮೇಲೆ ನಿಧಾನವಾಗಿ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ, ವಾಪಸು ಬನ್ನಿ. ಹುಡುಗರು ಹೊರಗೆ ಎಳೆಯುವುದನ್ನೇ ವ್ಯಾಯಾಮವೆಂದುಕೊಂಡು ವಾಪಸು ಬರುವಾಗ ಪಟ್ಟಿಯನ್ನು ಬಿಟ್ಟುಬಿಡುತ್ತಾರೆ. ಬ್ರೇಕಿಗೆ ಪಾಠವಿರುವುದು ಆ ವಾಪಸು ದಾರಿಯಲ್ಲೇ. ಹದಿನೈದರಂತೆ ಮೂರು ಸಲ, ಒಂದು ದಿನ ಬಿಟ್ಟು ಒಂದು ದಿನ. ಪಟ್ಟಿ ಸಿಗದಿದ್ದರೆ ಎಡಮಗ್ಗುಲಿಗೆ ಮಲಗಿ ಬಲಗೈಯಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಇದೇ ತಿರುಗಾಟ. ಜೊತೆಗೆ ಗೋಡೆಗೆ ಕೈಯೂರಿ ದಂಡ ಹೊಡೆದು, ಕೊನೆಯಲ್ಲಿ ಬೆನ್ನಿನ ಮೇಲಿನ ಅಗಲ ಹಲಗೆಮೂಳೆಗಳು ಮುಂದಕ್ಕೆ ಸರಿಯುವಂತೆ ಇನ್ನೂ ಒಂದಿಷ್ಟು ನೂಕಿ. ಬಸಿ ಇರುವುದು ಆ ಹಲಗೆಯ ತುದಿಯಲ್ಲೇ. ಹಲಗೆ ಅಲ್ಲಾಡಿದರೆ ಬಸಿಯೂ ಅಲ್ಲಾಡುತ್ತದೆ. ನೋವು ಹೆಚ್ಚಿದರೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಫೋನಿನಲ್ಲಿ ನೋಡಿದ ಹತ್ತು ಬಗೆಯ ಕಸರತ್ತನ್ನು ಒಟ್ಟಿಗೆ ಮಾಡಬೇಡಿ.

ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಆಮೇಲೆ ಥ್ರೋ ಶುರು: ಹತ್ತು ಹದಿನೈದು ಮೀಟರಿನಿಂದ, ಮೆತ್ತಗೆ, ದಿನ ಬಿಟ್ಟು ದಿನ, ಎಣಿಸಿ. ಮೊದಲು ದೂರ ಹೆಚ್ಚಲಿ, ಬಲ ಆಮೇಲೆ. ಕಾಲು ಗುರಿಯತ್ತ ಹೆಜ್ಜೆಯಿಡಲಿ, ಸೊಂಟ ತಿರುಗಲಿ, ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಬೀಳದಿರಲಿ, ಎಸೆದ ಮೇಲೆ ಕೈ ಎದುರು ಮಂಡಿಯ ಕಡೆಗೆ ತಾನಾಗಿ ಹರಿದುಹೋಗಲಿ.

ಕೆಲವು ಸಂದರ್ಭಗಳಲ್ಲಿ ಈ ಅಂಕಣ ಓದುತ್ತ ಕೂರಬಾರದು. ಡೈವ್ ಹೊಡೆದು ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ ನೇರ ಆಸ್ಪತ್ರೆಗೆ. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಶ್ರೇಯಸ್ ಅಯ್ಯರ್ ಎಡಭುಜಕ್ಕೆ ಆದದ್ದು ಅಂಥದ್ದು. ಗೆಳೆಯರು ಅಲ್ಲೇ ಎಳೆದು ಕೂರಿಸಲು ಹೋಗಬಾರದು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಕಳಚಿದ ಭುಜ ಮತ್ತೆ ಕಳಚುವ ಸಂಭವ ಬಹಳ. ಇನ್ನು ನಿಮ್ಮ ತಮ್ಮಂದಿರಿಗೆ, ಹನ್ನೊಂದರಿಂದ ಹದಿನಾರರೊಳಗಿನವರಿಗೆ, ಭುಜ ನೋವೆಂದರೆ ಹುರಿಗಿಂತ ಮೊದಲು ಬೆಳೆಯುವ ಎಲುಬಿನ ಮೃದು ಪಟ್ಟಿಗೆ ಪೆಟ್ಟಾಗಿರಬಹುದು. ಅವರಿಗೆ ಎಕ್ಸ್-ರೇ ಬೇಕು, ಸಾಮಾನ್ಯವಾಗಿ ಮೂರು ತಿಂಗಳಾದರೂ ಎಸೆಯಬಾರದು. ಎರಡು ವಾರ ಮೀರಿದ ನೋವನ್ನು "ಬೆಳೆಯುವ ನೋವು" ಎಂದು ಹಗುರ ಮಾಡಬೇಡಿ ಎಂದು ನಿಮ್ಮ ಅಪ್ಪ ಅಮ್ಮನಿಗೂ ಓದಿ ಹೇಳಿ.

ನನ್ನ ಹುಡುಗನ ಸುದ್ದಿ ಮುಗಿಸುತ್ತೇನೆ. ಆಯ್ಕೆ ತಪ್ಪಿತು. ಮೊದಲ ಎರಡು ವಾರ ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನನ್ನು ಆಟದಿಂದ ಹೊರಗೆ ಹಾಕಿದವನು ನಾನೇ ಎಂಬ ಸಿಟ್ಟು. ಕಿಟಕಿಯ ಸರಳಿಗೆ ಪಟ್ಟಿ ಕಟ್ಟಿ ನಿಲ್ಲುವುದನ್ನು ತಾಯಿ ಪ್ರತಿದಿನ ಕಾದು ನೋಡುತ್ತಿದ್ದರು. ಮೂರನೆಯ ತಿಂಗಳು ಅಂಗಿಯನ್ನು ತಾನೇ ಹಾಕಿಕೊಂಡ. ನಾಲ್ಕನೆಯ ತಿಂಗಳು ಇಪ್ಪತ್ತು ಮೀಟರು ಎಸೆದ. ಆ ದಿನಗಳಲ್ಲಿ ಭಾನುವಾರ ಮನೆಯಲ್ಲಿ ಕೂರಲಾರದೆ ಮೈದಾನಕ್ಕೆ ಹೋಗಿ ತಂಡದ ಸ್ಕೋರ್ ಬರೆಯತೊಡಗಿದ್ದ.

ಕಳೆದ ವಾರ ಆ ಪುಸ್ತಕ ಹಿಡಿದು ಬಂದಿದ್ದ. ಪುಟದ ಬಲ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಐದೈದರ ಕಟ್ಟು ಕಟ್ಟಿದ ಗೀಟುಗಳು. ಬೆಳಗಿನ ಅಭ್ಯಾಸದಿಂದ ಸಂಜೆಯ ಕೊನೆಯ ಓವರಿನವರೆಗೆ ಯಾರು ಎಷ್ಟು ಥ್ರೋ ಎಸೆದರು ಎಂಬ ಲೆಕ್ಕ.

"ಇದು ನೋಡಿ ಅಂಕಲ್," ಎಂದ. ಅವನ ಜಾಗದಲ್ಲಿ ಈಗ ಕವರ್‌ನಲ್ಲಿ ನಿಲ್ಲುವ ಹುಡುಗನ ಹೆಸರಿನ ಮುಂದೆ ತೊಂಬತ್ತಮೂರು ಗೀಟು. "ಇವನೂ ನೀರಿನ ಬಾಟ್ಲಿ ಎಡಗೈಯಲ್ಲಿ ತಗೊಳ್ತಿದ್ದಾನೆ. ನಾನು ಕೇಳಿದ್ರೆ ಏನಿಲ್ಲ ಅಂತಾನೆ."

ಬುಧವಾರ ಸಂಜೆ ಅವನನ್ನೂ ಕರೆದುಕೊಂಡು ಬಾ ಎಂದೆ.